ಎಲ್‌ಇಡಿ ಸ್ಟ್ರಿಪ್‌ನ ಬೆಳಕು, ಬಣ್ಣ ಕೈ ಕೊಟ್ಟಾಗ: ಡ್ರೈವರ್ ಸರ್ಕ್ಯೂಟ್‌ನಲ್ಲಿ ಎಲ್ಲಿ ಹುಡುಕಬೇಕು

ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಗಣಪತಿ ಪೆಂಡಾಲಿಗೆ ಒಂದು ವರ್ಷ ನಾನೇ ಲೈಟಿಂಗ್ ಮಾಡಿದ್ದೆ. 12 ವೋಲ್ಟ್‌ನ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಸ್ಟ್ರಿಪ್, ಪ್ರೋಗ್ರಾಮ್ ಓಡಿಸುವ ಒಂದು ಇಎಸ್‌ಪಿ 32 ಬೋರ್ಡ್, ಬಣ್ಣಕ್ಕೊಂದು ಎಲೆಕ್ಟ್ರಾನಿಕ್ ಸ್ವಿಚ್ ಆಗಿ ಮೂರು ಮಾಸ್‌ಫೆಟ್. ಬೋರ್ಡು, ಮಾಸ್‌ಫೆಟ್ ಸೇರಿದ್ದೇ ಡ್ರೈವರ್. ಮನೆಯ ಟೇಬಲ್ ಮೇಲೆ ಎಲ್ಲ ಚಂದ ಉರಿದಿತ್ತು. ಪೆಂಡಾಲಿಗೆ ಕಟ್ಟಿ ಬಿಳಿ ಬಣ್ಣ ಕೊಟ್ಟರೆ ಎಡಗಡೆ ಹಾಲಿನಂಥ ಬಿಳಿ, ಬಲಗಡೆ ಹೋಗ್ತಾ ಹೋಗ್ತಾ ಕುಂಕುಮ ಕಲಸಿದ ನೀರು! "ಡೂಪ್ಲಿಕೇಟ್ ಮಾಲು ಕೊಟ್ಟಾರ ನೋಡ್ರಿ" ಅಂದ ಒಬ್ಬ. "ಪ್ರೋಗ್ರಾಮ್ ತಪ್ಪೈತಿ" ಅಂದ ಇನ್ನೊಬ್ಬ. ನಾನೂ ಪ್ರೋಗ್ರಾಮ್ ತೆಗೆದು ಒಂದು ತಾಸು ಸುಮ್ನೆ ಹಾಳು ಮಾಡಿದೆ. ಕೊನೆಗೆ ಮೀಟರ್ ಹಿಡಿದಾಗ ಈ ತುದಿಯಲ್ಲಿ 12.1 ವೋಲ್ಟ್, ಆ ತುದಿಯಲ್ಲಿ 9.4.

ತಪ್ಪು ಮಾಲಿನದೂ ಅಲ್ಲ, ಪ್ರೋಗ್ರಾಮಿನದೂ ಅಲ್ಲ. ಕರೆಂಟ್ ಹರಿಯುವ ದಾರಿಯದು. ಅಡಾಪ್ಟರಿನಿಂದ ಹೊರಟು ತಂತಿ, ಜೋಡಣೆ, ಎಲ್‌ಇಡಿ, ಮಾಸ್‌ಫೆಟ್ ದಾಟಿ ಮೈನಸ್‌ಗೆ ವಾಪಸ್ ಬರುತ್ತದಲ್ಲ, ಆ ದಾರಿ. ಆಮೇಲೆ ನನ್ನ ಕೈಗೆ ಬಂದ ದೋಷಗಳಲ್ಲಿ ಹೆಚ್ಚಿನವು ಈ ದಾರಿಯಲ್ಲೇ ಎಲ್ಲೋ ಸಿಕ್ಕಿವೆ. ಅದಕ್ಕೇ ಇಲ್ಲಿ ಲಕ್ಷಣ ಹಿಡಿದು ಬರೆಯುತ್ತೇನೆ, ಪುಕ್ಕಟೆ ಪರೀಕ್ಷೆ ಮೊದಲು, ಖರ್ಚಿನದು ಆಮೇಲೆ.

ಕೈ ಹಾಕುವ ಮುಂಚೆ

ಬೇಕಾಗುವುದು ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್, ಮೊಬೈಲ್ ಕ್ಯಾಮೆರಾ, ತುಂಡು ತಂತಿ. ಅಷ್ಟೇ.

12 ವೋಲ್ಟ್ ಕಡೆ ಶಾಕ್ ಹೊಡೆಯುವುದಿಲ್ಲ, ಆದರೆ ಬೆಂಕಿ ಹತ್ತುತ್ತದೆ. 20 ಆಂಪ್‌ನ ಅಡಾಪ್ಟರಿಗೆ ಸಣ್ಣ ತಂತಿ ಶಾರ್ಟ್ ಆದರೆ ತಂತಿಯ ಮೇಲಿನ ಪ್ಲಾಸ್ಟಿಕ್ ಕರಗಲು ಹೆಚ್ಚು ಹೊತ್ತು ಬೇಡ. ಪ್ರತಿ 5 ಮೀಟರ್ ಸ್ಟ್ರಿಪ್‌ಗೂ ಬೇರೆ ಫ್ಯೂಸ್ ಹಾಕಿ. ಗಾಡಿಗೆ ಹಾಕುವ 7.5 ಆಂಪ್ ಬ್ಲೇಡ್ ಫ್ಯೂಸ್ ಸಾಕು.

230 ವೋಲ್ಟ್ ಕಡೆಯ ಕಥೆ ಬೇರೆ. ತೂತು ತೂತಿನ ತಗಡಿನ ಅಡಾಪ್ಟರ್, ಎಸ್‌ಎಂಪಿಎಸ್ ಅಂತ ಸಿಗುತ್ತದಲ್ಲ, ಅದರ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿರುತ್ತದೆ. ಅದನ್ನು ಬಿಚ್ಚಬೇಡಿ. ಹೊರಗಿನ ಟರ್ಮಿನಲ್ ಪಟ್ಟಿಯಲ್ಲೂ ಫೇಸ್, ನ್ಯೂಟ್ರಲ್ ಸ್ಕ್ರೂಗಳು 12 ವೋಲ್ಟ್ ಸ್ಕ್ರೂಗಳ ಪಕ್ಕದಲ್ಲೇ ಇರುತ್ತವೆ. ಮೀಟರ್ ಹಿಡಿಯುವಾಗ ಕೈ ಜಾರುವ ಜಾಗ ಅದು. ಮುಚ್ಚಳ ಇಲ್ಲದಿದ್ದರೆ ಮೊದಲು ಮುಚ್ಚಳ ತನ್ನಿ.

ಇನ್ನೊಂದು ಮಾತು. ಬೆಳಕನ್ನು ಕಮ್ಮಿ ಜಾಸ್ತಿ ಮಾಡುವುದು ಪಿಡಬ್ಲ್ಯೂಎಂ, ಅಂದರೆ ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡಿ ಆನ್ ಇರುವ ಹೊತ್ತನ್ನು ಹಿಗ್ಗಿಸಿ ಕುಗ್ಗಿಸುವುದು. ಸಾದಾ ಮೀಟರ್ ಅದರ ಸರಾಸರಿ ತೋರಿಸುತ್ತದೆ, ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ವೋಲ್ಟ್ ಅಳೆಯುವಾಗೆಲ್ಲ ಬೆಳಕನ್ನು ನೂರಕ್ಕೆ ನೂರು ಇಟ್ಟುಕೊಳ್ಳಿ.

ಏನೂ ಉರಿಯುತ್ತಿಲ್ಲ

ಸ್ಟ್ರಿಪ್ ಶುರುವಾಗುವಲ್ಲಿ ಪ್ಲಸ್ ಪ್ಯಾಡ್ ಮತ್ತು ಅಡಾಪ್ಟರಿನ ಮೈನಸ್ ನಡುವೆ 12 ವೋಲ್ಟ್ ಇದೆಯಾ? ಇಲ್ಲ ಅಂದರೆ ಅಡಾಪ್ಟರ್ ಅಥವಾ ತಂತಿ. ಇದೆ ಅಂದರೆ ಕಂಟ್ರೋಲರನ್ನು ಬದಿಗಿಡಿ. ಅದರಿಂದ ಬರುವ ಕೆಂಪಿನ ತಂತಿಯನ್ನು ಬಿಡಿಸಿ, ಸ್ಟ್ರಿಪ್‌ನ ಕೆಂಪು ಪ್ಯಾಡನ್ನು ಒಂದು ತುಂಡು ತಂತಿಯಿಂದ ಮೈನಸ್‌ಗೆ ಮುಟ್ಟಿಸಿ. ಕೆಂಪು ಉರಿಯಿತಾ? ಸ್ಟ್ರಿಪ್ ಸರಿ ಇದೆ, ದೋಷ ಡ್ರೈವರಿನಲ್ಲಿದೆ. ಹಸಿರು, ನೀಲಿಗೂ ಹೀಗೇ ಮಾಡಿ. ಮುಟ್ಟಿಸಬೇಕಾದ್ದು ಬಣ್ಣದ ಪ್ಯಾಡನ್ನು, ಪ್ಲಸ್ ಪ್ಯಾಡನ್ನಲ್ಲ. ಹಿಂದುಮುಂದಾದರೆ ನೇರ ಶಾರ್ಟ್, ಫ್ಯೂಸ್ ಹಾಕಿದ್ದರೆ ಬಚಾವ್.

ಡ್ರೈವರ್ ಅಂತ ಗೊತ್ತಾದ ಮೇಲೆ ಮೊದಲು ನೋಡಬೇಕಾದ್ದು ಗ್ರೌಂಡ್. ಇಎಸ್‌ಪಿ ಬೋರ್ಡಿಗೆ ಮೊಬೈಲ್ ಚಾರ್ಜರಿನಿಂದ 5 ವೋಲ್ಟ್, ಸ್ಟ್ರಿಪ್‌ಗೆ ಬೇರೆ ಅಡಾಪ್ಟರಿನಿಂದ 12 ವೋಲ್ಟ್ ಕೊಟ್ಟಿದ್ದರೆ ಎರಡರ ಮೈನಸ್ ಒಂದಕ್ಕೊಂದು ಸೇರಿರಲೇಬೇಕು. ಸೇರಿಸದಿದ್ದರೆ ಮಾಸ್‌ಫೆಟ್‌ನ ಗೇಟಿಗೆ (ಸಿಗ್ನಲ್ ತೆಗೆದುಕೊಳ್ಳುವ ಕಾಲು) ಕೊಟ್ಟ ಸಿಗ್ನಲ್ಲಿಗೆ ವಾಪಸ್ ಬರುವ ದಾರಿಯೇ ಇಲ್ಲ.

ಆಮೇಲೆ ಪಿನ್. ಇಎಸ್‌ಪಿ 32ರಲ್ಲಿ 34ರಿಂದ 39ರವರೆಗಿನ ಪಿನ್‌ಗಳು ಇನ್‌ಪುಟ್‌ಗೆ ಮಾತ್ರ. ಅವುಗಳಿಂದ ಎಲ್‌ಇಡಿ ಓಡಿಸಲು ಆಗುವುದೇ ಇಲ್ಲ. ನಾನು 34ಕ್ಕೆ ಹಾಕಿ ಮೂರು ಮಾಸ್‌ಫೆಟ್ ಬದಲಿಸಿದವನು.

ಹತ್ತಿರ ಬಿಳಿ, ದೂರ ಕೆಂಪು

ಪೆಂಡಾಲಿನಲ್ಲಿ ಆದದ್ದು ಇದೇ. ಇದು ಯಾಕೆ ಹೀಗೆ ಅಂತ ಅರ್ಥವಾದರೆ ಡ್ರೈವರಿನ ಅರ್ಧ ವಿಷಯ ಅರ್ಥವಾದ ಹಾಗೆ.

12 ವೋಲ್ಟ್ ಸ್ಟ್ರಿಪ್‌ನಲ್ಲಿ ಕತ್ತರಿಸುವ ಗೆರೆಯಿಂದ ಇನ್ನೊಂದು ಗೆರೆಯವರೆಗೆ ಒಂದು ತುಂಡು ಅಂದುಕೊಳ್ಳಿ. ಅದರೊಳಗೆ ಪ್ರತಿ ಬಣ್ಣದ ಮೂರು ಎಲ್‌ಇಡಿ ಸಾಲಾಗಿ, ಕೊನೆಗೊಂದು ರೆಸಿಸ್ಟರ್. ಕೆಂಪು ಎಲ್‌ಇಡಿ ಉರಿಯಲು ಸುಮಾರು 2 ವೋಲ್ಟ್ ಬೇಕು, ಮೂರಕ್ಕೆ 6. ನೀಲಿ, ಹಸಿರಿಗೆ ತಲಾ 3ರಿಂದ 3.2, ಮೂರಕ್ಕೆ 9ರ ಮೇಲೆ. ಅಂದರೆ 12 ವೋಲ್ಟ್ ಬಂದಾಗ ಕೆಂಪಿನ ರೆಸಿಸ್ಟರ್ ಮೇಲೆ 6 ವೋಲ್ಟ್ ಉಳಿಯುತ್ತದೆ, ನೀಲಿಯದರ ಮೇಲೆ ಎರಡೂವರೆ ಮಾತ್ರ. ಈಗ ತುದಿಯಲ್ಲಿ 9.4 ವೋಲ್ಟ್ ಬಂತು ಅನ್ನಿ. ಕೆಂಪಿಗೆ ಅರ್ಧಕ್ಕಿಂತ ಹೆಚ್ಚು ಕರೆಂಟ್ ಇನ್ನೂ ಉಳಿಯಿತು. ನೀಲಿ, ಹಸಿರಿಗೆ ಉಸಿರೇ ನಿಂತಿತು. ಬಿಳಿಯಿಂದ ಅವೆರಡನ್ನು ಕಳೆದರೆ ಉಳಿಯುವುದು ಕೆಂಪು.

ಪರೀಕ್ಷೆಗೆ ಖರ್ಚಿಲ್ಲ. ಪೂರ್ತಿ ಬಿಳಿ ಹಚ್ಚಿ, ಸ್ಟ್ರಿಪ್‌ನ ಶುರುವಿನಲ್ಲಿ ಪ್ಲಸ್ ಮತ್ತು ನೀಲಿ ಪ್ಯಾಡ್ ನಡುವೆ ಅಳೆಯಿರಿ, ಆಮೇಲೆ ಕೊನೆಯಲ್ಲಿ. ಅರ್ಧ ವೋಲ್ಟ್ ವ್ಯತ್ಯಾಸ ಇದ್ದರೆ ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ. ಒಂದೂವರೆ ದಾಟಿದರೆ ಬಣ್ಣ ತಿರುಗುತ್ತದೆ. ಶುರುವಿನಲ್ಲೇ 11ಕ್ಕಿಂತ ಕಮ್ಮಿ ಇದ್ದರೆ ತಪ್ಪು ಸ್ಟ್ರಿಪ್‌ನದಲ್ಲ, ಅದಕ್ಕಿಂತ ಹಿಂದಿನದು. ಆಗ ಮೀಟರಿನ ಒಂದು ಕಡ್ಡಿ ಅಡಾಪ್ಟರಿನ ಪ್ಲಸ್ ಸ್ಕ್ರೂ ಮೇಲೆ, ಇನ್ನೊಂದು ಸ್ಟ್ರಿಪ್‌ನ ಪ್ಲಸ್ ಪ್ಯಾಡ್ ಮೇಲೆ ಇಡಿ. ಎರಡೂ ಪ್ಲಸ್, ಸೊನ್ನೆ ಬರಬೇಕಲ್ವಾ? ಬರುವುದಿಲ್ಲ. ಬಂದ ಅಂಕಿಯೇ ಆ ತಂತಿ ತಿನ್ನುತ್ತಿರುವ ವೋಲ್ಟ್. ನನ್ನ ಮೀಟರಿನಲ್ಲಿ 0.83 ಬಂದಿತ್ತು. ಕಡ್ಡಿಯನ್ನು ನಡುವಿನ ಒತ್ತು ಕನೆಕ್ಟರಿನ ಈಚೆಗೆ ಸರಿಸಿದೆ, 0.31ಕ್ಕೆ ಇಳಿಯಿತು. ಅರ್ಧ ವೋಲ್ಟ್ ಒಂದು ಕನೆಕ್ಟರಿನೊಳಗೇ ಕರಗುತ್ತಿತ್ತು, ಮುಟ್ಟಿದರೆ ಬಿಸಿ ಮಿರ್ಚಿ.

ತಂತಿಯ ಲೆಕ್ಕವನ್ನೂ ಮಾಡಿಕೊಳ್ಳಿ. ಮೀಟರಿಗೆ 60 ಎಲ್‌ಇಡಿ ಇರುವ 5050 ಆರ್‌ಜಿಬಿ ಸ್ಟ್ರಿಪ್ ಮೀಟರಿಗೆ 14.4 ವಾಟ್ ಅಂತ ಬರೆದಿರುತ್ತಾರೆ. 5 ಮೀಟರಿಗೆ 72 ವಾಟ್, ಅಂದರೆ 12 ವೋಲ್ಟ್‌ನಲ್ಲಿ 6 ಆಂಪ್. 1 ಚದರ ಮಿಲಿಮೀಟರ್ ತಾಮ್ರದ ತಂತಿ ಮೀಟರಿಗೆ ಸುಮಾರು 18 ಮಿಲಿಓಮ್. ಅಡಾಪ್ಟರ್ 6 ಮೀಟರ್ ದೂರ ಇದ್ದರೆ ಹೋಗಿ ಬರುವ ದಾರಿ 12 ಮೀಟರ್. 6 ಆಂಪ್‌ಗೆ 1.3 ವೋಲ್ಟ್ ಅಲ್ಲೇ ಹೋಯಿತು, ಸ್ಟ್ರಿಪ್ ಇನ್ನೂ ಶುರುವೇ ಆಗಿಲ್ಲ.

ಪರಿಹಾರ ಅಗ್ಗದಿಂದ ದುಬಾರಿಯವರೆಗೆ ಹೀಗಿದೆ. ಒತ್ತು ಕನೆಕ್ಟರ್ ಕಿತ್ತು ಬೆಸುಗೆ ಹಾಕಿ. ಅಡಾಪ್ಟರನ್ನು ಸ್ಟ್ರಿಪ್‌ನ ಹತ್ತಿರ ತನ್ನಿ. ದಪ್ಪ ತಂತಿ ಹಾಕಿ. 5 ಮೀಟರಿನ ಎರಡು ಸುರುಳಿಯನ್ನು ಒಂದರ ಬಾಲಕ್ಕೆ ಒಂದು ಕಟ್ಟಬೇಡಿ, ಎರಡಕ್ಕೂ ಅಡಾಪ್ಟರಿನಿಂದಲೇ ಬೇರೆ ಬೇರೆ ತಂತಿ ಎಳೆಯಿರಿ. ಇಲ್ಲಾಂದ್ರೆ ತುದಿಗೂ ನಾಲ್ಕೂ ತಂತಿ ಒಯ್ದು ಎರಡೂ ಕಡೆಯಿಂದ ಕರೆಂಟ್ ಕೊಡಿ. ಪ್ಲಸ್ ಒಂದನ್ನೇ ಒಯ್ದರೆ ಅರ್ಧ ಕೆಲಸ ಆದಂತೆ, ಯಾಕಂದರೆ ವಾಪಸ್ ಬರುವ ಬಣ್ಣದ ತಂತಿಗಳಲ್ಲೂ ಅಷ್ಟೇ ನಷ್ಟ ಇರುತ್ತದೆ. ತುಂಬಾ ಉದ್ದ ಇದ್ದರೆ ನಡುವೆ ಆರ್‌ಜಿಬಿ ಆಂಪ್ಲಿಫೈಯರ್ (ಅದೇ ಸಿಗ್ನಲ್ಲಿಗೆ ಹೊಸ ಕರೆಂಟ್ ಸೇರಿಸಿ ಮುಂದೆ ಕೊಡುವ ಡಬ್ಬಿ) ಹಾಕಿ ಅದಕ್ಕೆ ಬೇರೆ ಅಡಾಪ್ಟರ್ ಕೊಡಬೇಕು, ಅಥವಾ ಸ್ಟ್ರಿಪ್ಪನ್ನೇ 24 ವೋಲ್ಟಿನದು ತರಬೇಕು. ಅಷ್ಟೇ ವಾಟ್‌ಗೆ ಕರೆಂಟ್ ಅರ್ಧ ಆಗುತ್ತದೆ. ಹೊಸದಾಗಿ ತರುವವರಿಗೆ ನಾನು 24 ಅಂತಲೇ ಹೇಳುವುದು.

ಬಣ್ಣ ಅದಲುಬದಲು, ಅಥವಾ ಒಂದು ಬಣ್ಣ ಆರುತ್ತಲೇ ಇಲ್ಲ

ಕೆಂಪು ಕೇಳಿದರೆ ಹಸಿರು ಬಂದರೆ ಹೆದರಬೇಡಿ, ತಂತಿ ಅದಲುಬದಲಾಗಿದೆ ಅಷ್ಟೇ. ಸ್ಟ್ರಿಪ್‌ನ ತಂತಿಯ ಬಣ್ಣ ನಂಬಬೇಡಿ, ಪ್ಯಾಡ್ ಪಕ್ಕ ಅಚ್ಚಾದ ಅಕ್ಷರ ನೋಡಿ. ಪ್ರೋಗ್ರಾಮಿನಲ್ಲಿ ಬೆಳಕಿನ ಅಂಕಿ 0ಯಿಂದ 255ರವರೆಗೆ. 255 ಕೊಟ್ಟರೆ ಆರುತ್ತದೆ, 0 ಕೊಟ್ಟರೆ ಪೂರ್ತಿ ಉರಿಯುತ್ತದೆ ಅನ್ನುವುದಾದರೆ ನಿಮ್ಮದು ಕಾಮನ್ ಆನೋಡ್ (ಮೂರೂ ಬಣ್ಣಕ್ಕೆ ಒಂದೇ ಪ್ಲಸ್ ಇರುವ) ಎಲ್‌ಇಡಿ, ಮಾಸ್‌ಫೆಟ್ ಇಲ್ಲದೆ ನೇರ ಪಿನ್‌ಗೆ ಹಾಕಿದ್ದೀರಿ. ಪ್ರೋಗ್ರಾಮಿನಲ್ಲಿ 255ರಿಂದ ಕಳೆದರೆ ಮುಗಿಯಿತು.

ಒಂದು ಬಣ್ಣ ಆರುತ್ತಲೇ ಇಲ್ಲ ಅಂದರೆ ಆ ಬಣ್ಣದ ಮಾಸ್‌ಫೆಟ್‌ನ ಗೇಟಿಗೆ ಬರುವ ತಂತಿ ಕಿತ್ತು, ಗೇಟನ್ನು ಸೋರ್ಸ್‌ಗೆ (ಮೈನಸ್ ಕಡೆಯ ಕಾಲು) ಮುಟ್ಟಿಸಿ. ಆರಿದರೆ ಮಾಸ್‌ಫೆಟ್ ಬದುಕಿದೆ, ಪಿನ್ ಅಥವಾ ಪ್ರೋಗ್ರಾಮ್ ನೋಡಿ. ಆಗಲೂ ಉರಿಯುತ್ತಿದ್ದರೆ ಮಾಸ್‌ಫೆಟ್ ಒಳಗೆ ಶಾರ್ಟ್ ಆಗಿದೆ. ಅವು ಸತ್ತರೆ ಹೆಚ್ಚಾಗಿ ಹೀಗೇ ಸಾಯುತ್ತವೆ, ಬಾಗಿಲು ತೆರೆದಿಟ್ಟುಕೊಂಡು. ಬದಲಿಸುವ ಮುಂಚೆ ಯಾಕೆ ಸತ್ತಿತು ಅಂತ ಮುಂದಿನ ಭಾಗದಲ್ಲಿ ನೋಡಿ, ಇಲ್ಲಾಂದ್ರೆ ಹೊಸದೂ ಅದರ ಹಿಂದೆಯೇ ಹೋಗುತ್ತದೆ.

ಕರೆಂಟ್ ಬಂದ ಕ್ಷಣ ಎಲ್ಲ ಫಕ್ ಅಂತ ಉರಿದು ಆಮೇಲೆ ಸರಿ ಹೋಗುತ್ತಿದೆಯಾ? ಬೋರ್ಡ್ ಏಳುವವರೆಗೆ ಗೇಟ್ ಆನ್ ಅಂತಲೂ ಆಫ್ ಅಂತಲೂ ಇಲ್ಲದೆ ತೇಲುತ್ತಿರುತ್ತದೆ. ಗೇಟ್ ಮತ್ತು ಸೋರ್ಸ್ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಿ.

ಪೂರ್ತಿ ಬೆಳಕು ಬರುತ್ತಿಲ್ಲ, ಮಾಸ್‌ಫೆಟ್ ಕೈ ಸುಡುತ್ತಿದೆ

ಈ ಎರಡು ಲಕ್ಷಣ ಒಟ್ಟಿಗೆ ಇದ್ದರೆ ನಾನು ಮೊದಲು ಕೇಳುವುದು ಮಾಸ್‌ಫೆಟ್ ಮೇಲೆ ಏನು ಬರೆದಿದೆ ಅಂತ. ಐಆರ್‌ಎಫ್‌ಝಡ್ 44 ಎನ್ ಅಥವಾ ಐಆರ್‌ಎಫ್ 540 ಎನ್ ಅಂದರೆ ರೋಗ ಅರ್ಧ ಸಿಕ್ಕಿತು. ಅಂಗಡಿಯಲ್ಲಿ ಮಾಸ್‌ಫೆಟ್ ಅಂದರೆ ಕೈಗೆ ಬರುವುದು ಸಾಮಾನ್ಯವಾಗಿ ಇವೇ. ಮಾಲು ಒಳ್ಳೆಯದೇ, ಆದರೆ ಪೂರ್ತಿ ತೆರೆಯಲು ಗೇಟಿಗೆ 10 ವೋಲ್ಟ್ ಬೇಕು. ತೆರೆಯಲು ಶುರು ಮಾಡುವುದೇ 2ರಿಂದ 4 ವೋಲ್ಟ್‌ನಲ್ಲಿ. ಇಎಸ್‌ಪಿ ಕೊಡುವುದು 3.3. ಅಂದರೆ ನಲ್ಲಿಯನ್ನು ಕಾಲು ಸುತ್ತು ತಿರುಗಿಸಿ ನೀರು ಬರುತ್ತಿಲ್ಲ ಅಂದ ಹಾಗೆ. ಒಬ್ಬರದು ಹೇಗೋ ನಡೆಯುತ್ತದೆ, ಇನ್ನೊಬ್ಬರದು ನಡೆಯುವುದಿಲ್ಲ, ಯಾಕಂದರೆ 2ರಿಂದ 4ರ ನಡುವೆ ಪ್ರತಿ ತುಂಡಿಗೂ ಬೇರೆ ಹಣೆಬರಹ.

ಅಳೆದು ನೋಡಿ. ಬೆಳಕು ನೂರಕ್ಕೆ ನೂರು ಇಟ್ಟು ಮಾಸ್‌ಫೆಟ್‌ನ ಡ್ರೇನ್ (ಸ್ಟ್ರಿಪ್ ಕಡೆಯ ಕಾಲು) ಮತ್ತು ಸೋರ್ಸ್ ನಡುವೆ ವೋಲ್ಟ್ ಓದಿ. 2 ಆಂಪ್ ಹರಿಯುವಾಗ ಒಳ್ಳೆಯ ಮಾಸ್‌ಫೆಟ್ ಮೇಲೆ 0.05ರಿಂದ 0.1 ವೋಲ್ಟ್ ಇರಬೇಕು. ಅರ್ಧ ವೋಲ್ಟ್ ಇದ್ದರೆ ಸರಿಯಾಗಿ ತೆರೆದಿಲ್ಲ. 3 ವೋಲ್ಟ್ ಇದ್ದು ಒಂದೂವರೆ ಆಂಪ್ ಹರಿಯುತ್ತಿದ್ದರೆ ನಾಲ್ಕೂವರೆ ವಾಟ್ ಶಾಖ ಅದರೊಳಗೇ. ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ರೆಕ್ಕೆ) ಇಲ್ಲದ ಈ ಅಳತೆಯ ಮಾಸ್‌ಫೆಟ್ ಒಂದು ವಾಟ್‌ಗೆ ಸುಮಾರು 62 ಡಿಗ್ರಿ ಬಿಸಿಯೇರುತ್ತದೆ. ಲೆಕ್ಕ ನೀವೇ ಹಾಕಿ. ಬೆರಳಿಟ್ಟು ನೋಡುವ ಚಟ ಬಿಡಿ, ನನ್ನ ತೋರುಬೆರಳಿನ ಮೇಲೆ ಅದರ ಗುರುತು ಇನ್ನೂ ಇದೆ.

ಹೀಟ್‌ಸಿಂಕ್ ಹಾಕಿ ಸುಮ್ಮನಾಗುವವರು ಇದ್ದಾರೆ. ಅದು ಜ್ವರಕ್ಕೆ ಒದ್ದೆ ಬಟ್ಟೆ. ಗೇಟಿಗೆ 5 ವೋಲ್ಟ್ ಕೊಡುವ ಆರ್ಡುಯಿನೊ ಊನೊ ಬೋರ್ಡ್ ಇದ್ದರೆ ಐಆರ್‌ಎಲ್‌ಝಡ್ 44 ಎನ್ ತನ್ನಿ, ನಡುವಿನ ಎಲ್ ಅಕ್ಷರ ಲಾಜಿಕ್ ಲೆವೆಲ್, ಅಂದರೆ ಬೋರ್ಡಿನ ಸಣ್ಣ ಸಿಗ್ನಲ್ಲಿಗೇ ತೆರೆಯುವಂಥದ್ದು ಅನ್ನುವ ಗುರುತು. 3.3 ವೋಲ್ಟಿನ ಇಎಸ್‌ಪಿಗೆ ಅದು ಹೆಚ್ಚಾಗಿ ನಡೆಯುತ್ತದೆ, ಆದರೆ ಅದರ ಡೇಟಾಶೀಟ್ (ತಯಾರಕರ ವಿವರದ ಹಾಳೆ) ಮಾತು ಕೊಡುವುದು ಗೇಟಿಗೆ ಕನಿಷ್ಠ 4 ವೋಲ್ಟ್ ಇದ್ದರೆ ಮಾತ್ರ. ಎಒ 3400 ಎರಡೂವರೆ ವೋಲ್ಟ್‌ಗೇ ತೆರೆಯುತ್ತದೆ, ಆದರೆ ಸಾಸಿವೆ ಕಾಳಿನಷ್ಟಿದೆ, ಬೆಸುಗೆಗೆ ಕೈ ಪಳಗಿರಬೇಕು. ಹಳೇ ಝಡ್ 44ಗಳನ್ನು ಬಿಸಾಡಲು ಮನಸ್ಸಿಲ್ಲದಿದ್ದರೆ ಟಿಸಿ 4427 ಅನ್ನುವ ಗೇಟ್ ಡ್ರೈವರ್ ಐಸಿ ಇದೆ. 3.3 ವೋಲ್ಟ್ ಸಿಗ್ನಲ್ ತೆಗೆದುಕೊಂಡು ಗೇಟಿಗೆ 12 ವೋಲ್ಟ್ ಕೊಡುತ್ತದೆ. ಒಂದರಲ್ಲಿ ಎರಡು ಚಾನಲ್, ಮೂರು ಬಣ್ಣಕ್ಕೆ ಎರಡು ಐಸಿ. 4426 ತಂದುಬಿಟ್ಟರೆ ಸಿಗ್ನಲ್ ಉಲ್ಟಾ ಆಗುತ್ತದೆ, ನಂಬರ್ ನೋಡಿ ತನ್ನಿ.

ಮಿನುಗುತ್ತಿದೆ

ಮೊದಲು ಯಾರಿಗೆ ಕಾಣುತ್ತಿದೆ ಅಂತ ಕೇಳಿ, ಕಣ್ಣಿಗಾ, ಕ್ಯಾಮೆರಾಕ್ಕಾ?

ಕ್ಯಾಮೆರಾದಲ್ಲಿ ಮಾತ್ರ ಕಪ್ಪು ಪಟ್ಟೆ ಓಡುತ್ತಿದ್ದರೆ ದೋಷ ಏನೂ ಇಲ್ಲ, ಪಿಡಬ್ಲ್ಯೂಎಂನ ವೇಗ ಕಮ್ಮಿ ಇದೆ ಅಷ್ಟೇ. ಆರ್ಡುಯಿನೊ ಊನೊದ ಹೆಚ್ಚಿನ ಪಿನ್‌ಗಳಲ್ಲಿ ಅದು 490 ಹರ್ಟ್ಜ್, 5 ಮತ್ತು 6ನೇ ಪಿನ್‌ನಲ್ಲಿ 980. ಈಗ ಎಲ್ಲರೂ ಪೂಜೆಯ ವಿಡಿಯೊ ಮಾಡುವವರೇ, ಹಾಗಾಗಿ ಸರಿ ಮಾಡಬೇಕಾಗುತ್ತದೆ. ಇಎಸ್‌ಪಿ 32ರಲ್ಲಿ 12 ಬಿಟ್ (ಬೆಳಕಿಗೆ 4096 ಮೆಟ್ಟಿಲು) ಇಟ್ಟುಕೊಂಡೇ ಸುಮಾರು 19 ಕಿಲೋಹರ್ಟ್ಜ್‌ವರೆಗೆ ಏರಿಸಬಹುದು. ಆದರೆ ವೇಗ ಏರಿದಂತೆ ಮಾಸ್‌ಫೆಟ್ ತೆರೆದು ಮುಚ್ಚುವ ಹೊತ್ತಿನ ಶಾಖವೂ ಏರುತ್ತದೆ, ಉದ್ದ ತಂತಿ ಪಕ್ಕದ ರೇಡಿಯೊಗೆ ಗುಂಯ್ ಅನ್ನಿಸುತ್ತದೆ. ನಾನು 2ರಿಂದ 5 ಕಿಲೋಹರ್ಟ್ಜ್ ನಡುವೆ ನಿಲ್ಲಿಸುತ್ತೇನೆ.

ಕಣ್ಣಿಗೇ ಕಾಣುತ್ತಿದ್ದರೆ ಅದರ ತಾಳ ನೋಡಿ. ಸೆಕೆಂಡಿಗೊಮ್ಮೆ ಆರಿ ಹತ್ತಿ ಆರಿ ಹತ್ತಿ ಅನ್ನುತ್ತಿದ್ದರೆ ಅಡಾಪ್ಟರಿಗೆ ಹೊರೆ ಜಾಸ್ತಿಯಾಗಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಅರ್ಧ ಸ್ಟ್ರಿಪ್ ಬಿಡಿಸಿ, ಸರಿ ಹೋದರೆ ಅಡಾಪ್ಟರ್ ಸಣ್ಣದಾಯಿತು ಅಂತ ಅರ್ಥ. 72 ವಾಟ್ ಹೊರೆಗೆ 72 ವಾಟ್ ಅಡಾಪ್ಟರ್ ತರಬೇಡಿ, 100ರ ಹತ್ತಿರದ್ದು ತನ್ನಿ. ಪೂರ್ತಿ ಬಿಡಿಸಿದರೂ ಹಾಗೇ ಮಾಡುತ್ತಿದ್ದರೆ ಅಡಾಪ್ಟರೇ ಹೋಗಿದೆ. ತಾಳವೇ ಇಲ್ಲದೆ ಗಾಳಿ ಬಂದಾಗ, ಯಾರೋ ಕಂಬ ಮುಟ್ಟಿದಾಗ ಮಿನುಗಿದರೆ ಜೋಡಣೆ ಸಡಿಲ. ಒಂದೊಂದೇ ಜೋಡಣೆಯನ್ನು ಮೆಲ್ಲಗೆ ಅಲುಗಿಸಿ ನೋಡಿ.

ಧಾರವಾಡದ ಕಡೆ ಇದಕ್ಕೆ ಇನ್ನೊಂದು ಕಾರಣ, ಜಿಟಿಜಿಟಿ ಮಳೆ. ಸಿಲಿಕೋನ್ ಹೊದಿಕೆಯ ಸ್ಟ್ರಿಪ್ ತಂದರೂ ನಾವು ಕತ್ತರಿಸಿದ ತುದಿ ಬರಿದೇ ಇರುತ್ತದೆ. ಅಲ್ಲಿಂದ ನೀರು ಹೊಕ್ಕು ಎರಡೇ ವಾರದಲ್ಲಿ ತಾಮ್ರದ ಪ್ಯಾಡ್ ಮೇಲೆ ಹಸಿರು ಬೂಷ್ಟಿನಂಥದ್ದು ಕೂರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜಿ, ಹೊಸದಾಗಿ ಬೆಸುಗೆ ಹಾಕಿ, ತುದಿಗೆ ಸಿಲಿಕೋನ್ ತುಂಬಿ. ಇದನ್ನು ಮಾಡುವಾಗ ಪ್ಲಗ್ ಕಿತ್ತಿರಲಿ.

ಕಮ್ಮಿ ಬೆಳಕಿನಲ್ಲಿ ಮಾತ್ರ ನಡುಗುತ್ತದೆ ಅಂದರೆ, ನಿಮ್ಮ ಬೋರ್ಡ್ ಬಹುಶಃ ಇಎಸ್‌ಪಿ 8266. ಅದರಲ್ಲಿ ಪಿಡಬ್ಲ್ಯೂಎಂಗೆ ಪ್ರತ್ಯೇಕ ಹಾರ್ಡ್‌ವೇರ್ ಇಲ್ಲ, ಸಾಫ್ಟ್‌ವೇರಿನಲ್ಲೇ ಮಾಡುತ್ತದೆ, ವೈಫೈ ಕೆಲಸ ಬಂದಾಗ ತಾಳ ತಪ್ಪುತ್ತದೆ. 32ಕ್ಕೆ ಬದಲಿಸುವುದು ಸುಲಭದ ದಾರಿ.

ಅರ್ಧ ಕೇಳಿದರೆ ಮುಕ್ಕಾಲು ಬರುತ್ತದೆ

ಸ್ಲೈಡರ್ ಅರ್ಧಕ್ಕೆ ಎಳೆದರೂ ಬೆಳಕು ಇಳಿದಂತೆ ಅನ್ನಿಸುವುದಿಲ್ಲ, ಕೊನೆಯ ಚೂರಿನಲ್ಲಿ ದಬಕ್ಕನೆ ಬೀಳುತ್ತದೆ. ಸರ್ಕ್ಯೂಟ್ ಸರಿ ಇದೆ. ನಮ್ಮ ಕಣ್ಣು ಬೆಳಕನ್ನು ನೇರ ಲೆಕ್ಕದಲ್ಲಿ ನೋಡುವುದಿಲ್ಲ. 255ರಲ್ಲಿ 128 ಕೊಟ್ಟರೆ ಕಣ್ಣಿಗೆ ನೂರಕ್ಕೆ ಎಪ್ಪತ್ತರ ಮೇಲೆ ಕಾಣುತ್ತದೆ. ಇದಕ್ಕೆ ಗಾಮಾ ಅನ್ನುತ್ತಾರೆ. ಬೇಕಾದ ಅಂಕಿಯನ್ನು 255ರಿಂದ ಭಾಗಿಸಿ, 2.2ರ ಘಾತಕ್ಕೆ ಏರಿಸಿ, ಮತ್ತೆ 255ರಿಂದ ಗುಣಿಸಿ. 128ಕ್ಕೆ 56 ಬರುತ್ತದೆ, 64ಕ್ಕೆ 12. 20ಕ್ಕೆ ಬರುವುದು ಬರೀ 1! ಹೀಗಾಗಿ 8 ಬಿಟ್‌ನಲ್ಲಿ (256 ಮೆಟ್ಟಿಲು) ಗಾಮಾ ಹಾಕಿದರೆ ಮಂದ ಬೆಳಕಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಬಣ್ಣವೂ ಕೆಡುತ್ತದೆ. 12 ಬಿಟ್ ಮಾಡಿಕೊಳ್ಳಿ.

ಬಿಳಿ ಬಂದಿದೆ, ಆದರೆ ಸೀರೆಯ ಬಣ್ಣ ಬೇರೆ ಕಾಣುತ್ತಿದೆ

ಗದಗ ಬೆಟಗೇರಿಯಲ್ಲಿ ಒಂದು ಸೀರೆ ಅಂಗಡಿಗೆ ಹೋಗಿದ್ದೆ. ಶೋಕೇಸಿಗೆ ಆರ್‌ಜಿಬಿ ಸ್ಟ್ರಿಪ್ ಹಾಕಿ ಮೂರೂ ಬಣ್ಣ ಪೂರ್ತಿ ಕೊಟ್ಟು ಬಿಳಿ ಮಾಡಿದ್ದರು. ಗೋಡೆ ಬಿಳಿಯಾಗೇ ಇತ್ತು, ಸ್ವಲ್ಪ ನೀಲಿ ಛಾಯೆ. ಆದರೆ ಸಾಸಿವೆ ಬಣ್ಣದ ಸೀರೆ ಮಾತ್ರ ಯಾವುದೋ ಕೆಸರು. ಗಿರಾಕಿಗಳು ಸೀರೆ ಎತ್ತಿಕೊಂಡು ಬಾಗಿಲಿಗೆ ಹೋಗಿ ಬಿಸಿಲಲ್ಲಿ ನೋಡಿ ಬರುತ್ತಿದ್ದರು.

ಇಲ್ಲಿ ಯಾವ ಭಾಗವೂ ಕೆಟ್ಟಿಲ್ಲ. ಆರ್‌ಜಿಬಿಯ ಬಿಳಿ ಮೂರು ಸಣ್ಣ ಕಂಬಗಳ ಮೇಲೆ ನಿಂತಿದೆ. ಕೆಂಪು 620ರಿಂದ 630 ನ್ಯಾನೊಮೀಟರ್, ಹಸಿರು 525ರ ಸುತ್ತ, ನೀಲಿ 465ರ ಸುತ್ತ. ನಡುವೆ ಹಳದಿಯ ಜಾಗ ಖಾಲಿ. ಕಣ್ಣಿಗೆ ಬರೀ ಬೆಳಕು ಬಿಳಿ ಅನ್ನಿಸುತ್ತದೆ, ಆದರೆ ಸೀರೆ ತಿರುಗಿಸಿ ಕಳಿಸಬೇಕಾದ ಹಳದಿ ಆ ಬೆಳಕಿನಲ್ಲಿ ಇದ್ದರೆ ತಾನೆ? ಪುಕ್ಕಟೆ ಪ್ರಯತ್ನ ಅಂದರೆ ಬಿಳಿ ಹಾಳೆ ಹಿಡಿದು, ಬಾಗಿಲ ಬೆಳಕಿನ ಪಕ್ಕ ಇಟ್ಟು ಹಸಿರು, ನೀಲಿಯನ್ನು ಇಳಿಸುತ್ತ ಹೋಗುವುದು. ಅಲ್ಲಿ ಕೆಂಪು 255, ಹಸಿರು 180ರ ಸುತ್ತ, ನೀಲಿ 140ರ ಸುತ್ತ ಇಟ್ಟಾಗ ನೀಲಿ ಛಾಯೆ ಹೋಯಿತು. ನಿಮ್ಮ ಸ್ಟ್ರಿಪ್‌ಗೆ ಅಂಕಿ ಬೇರೆಯೇ ಬರುತ್ತದೆ. ಸಾಸಿವೆ ಸೀರೆ ಮಾತ್ರ ಸರಿ ಹೋಗಲಿಲ್ಲ, ಹೋಗುವುದೂ ಇಲ್ಲ. ಅಂಥ ಕಡೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕಿ, 100ಕ್ಕೆ) 90ರ ಮೇಲಿನ ಬಿಳಿ ಸ್ಟ್ರಿಪ್ಪನ್ನೇ ಬೇರೆ ಹಾಕಬೇಕು, ಅಥವಾ ಬಿಳಿ ಎಲ್‌ಇಡಿಯೂ ಜೊತೆಗಿರುವ ಆರ್‌ಜಿಬಿಡಬ್ಲ್ಯೂ. ಬ್ಯಾಡಗಿ ಮೆಣಸಿನಕಾಯಿ ಮಾರುವವರಿಗೂ ಇದೇ ಮಾತು. ಆ ಕಡುಗೆಂಪು ಕಾಣಬೇಕಾದರೆ ಡಬ್ಬಿಯ ಮೇಲೆ ಆರ್ 9, ಅಂದರೆ ಕಡುಗೆಂಪು ಎಷ್ಟು ಸರಿ ಕಾಣುತ್ತದೆ ಅನ್ನುವ ಅಂಕಿ ಎಷ್ಟಿದೆ ಕೇಳಿ ತನ್ನಿ.

ಹಚ್ಚಿದಾಗ ಸರಿ ಇದ್ದ ಬಿಳಿ ಅರ್ಧ ಗಂಟೆಯಲ್ಲಿ ನೀಲಿಗೆ ತಿರುಗಿದರೆ ಅದು ಶಾಖ. ಬಿಸಿಯಾದಾಗ ಕೆಂಪು ಎಲ್‌ಇಡಿ ಉಳಿದೆರಡಕ್ಕಿಂತ ಬೇಗ ಮಂಕಾಗುತ್ತದೆ. ಸ್ಟ್ರಿಪ್ಪನ್ನು ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅಂಟಿಸಿ.

1 ವಾಟ್ ಎಲ್‌ಇಡಿಗಳು ಒಂದೊಂದಾಗಿ ಸುಟ್ಟು ಹೋಗುತ್ತಿವೆ

ಇಲ್ಲಿ ಸ್ಟ್ರಿಪ್ ಲೆಕ್ಕ ನಡೆಯುವುದಿಲ್ಲ. ಬಿಡಿ ಪವರ್ ಎಲ್‌ಇಡಿಗೆ ವೋಲ್ಟ್ ಅಲ್ಲ, ಕರೆಂಟ್ ಅಳೆದು ಕೊಡಬೇಕು. 1 ವಾಟ್‌ನದಕ್ಕೆ 350 ಮಿಲಿಆಂಪ್. ನೇರ 3.3 ವೋಲ್ಟ್‌ಗೆ ಹಾಕಿದರೆ ಬಿಸಿಯಾದಂತೆ ಅದರ ವೋಲ್ಟ್ ಇಳಿಯುತ್ತದೆ, ಕರೆಂಟ್ ಏರುತ್ತದೆ, ಇನ್ನೂ ಬಿಸಿಯಾಗುತ್ತದೆ, ಕೊನೆಗೆ ಟಪ್.

ಸಾಲಿನಲ್ಲಿ 1 ಓಮ್ ರೆಸಿಸ್ಟರ್ ಹಾಕಿ ಅದರ ಮೇಲೆ ಮಿಲಿವೋಲ್ಟ್ ಅಳೆಯಿರಿ. 350 ಮಿಲಿವೋಲ್ಟ್ ಬಂದರೆ 350 ಮಿಲಿಆಂಪ್. ಮೀಟರನ್ನು ಆಂಪ್‌ಗೆ ಹಾಕಿ ಅಳೆಯುವುದಕ್ಕಿಂತ ಇದು ಕ್ಷೇಮ, ಆಂಪ್ ತೂತಿನಲ್ಲಿ ಕಡ್ಡಿ ಮರೆತು ವೋಲ್ಟ್ ಅಳೆಯಲು ಹೋಗಿ ಮೀಟರಿನ ಫ್ಯೂಸ್ ಊದಿಸದವರು ಯಾರಿದ್ದಾರೆ?

ಕರೆಂಟ್ ಹಿಡಿದಿಡುವ ಡ್ರೈವರನ್ನು ಎಲ್‌ಎಂ 317 ಐಸಿಯಿಂದ ಮಾಡಿದ್ದರೆ 1.25ನ್ನು ರೆಸಿಸ್ಟರಿನಿಂದ ಭಾಗಿಸಿದಷ್ಟು ಕರೆಂಟ್. 3.6 ಓಮ್‌ಗೆ 347 ಮಿಲಿಆಂಪ್. ರೆಸಿಸ್ಟರ್ 1 ವಾಟ್‌ನದಿರಲಿ, ಕಾಲು ವಾಟ್‌ನದು ಕರಿದು ಹೋಗುತ್ತದೆ. 12 ವೋಲ್ಟ್‌ನಲ್ಲಿ ಎರಡು ಬಿಳಿ ಎಲ್‌ಇಡಿ ಚೆನ್ನಾಗಿ ಉರಿದು, ಮೂರನೆಯದು ಹಾಕಿದ ಕೂಡಲೇ ಎಲ್ಲ ಮಂಕಾದರೆ ಆಶ್ಚರ್ಯ ಬೇಡ. ಮೂರಕ್ಕೆ 9.6 ಹೋಗಿ, ರೆಸಿಸ್ಟರಿಗೆ 1.25 ಹೋದರೆ ಐಸಿಗೆ ಉಳಿಯುವುದು 1.15 ವೋಲ್ಟ್. ಅದಕ್ಕೆ ಸಾಲದು.

ಪಿಟಿ 4115 ಐಸಿಯ ಡ್ರೈವರ್ ಬೋರ್ಡ್ ಇದಕ್ಕಿಂತ ಒಳ್ಳೆಯದು, ಶಾಖ ಕಮ್ಮಿ. ಕರೆಂಟ್ ಎಷ್ಟು ಅಂತ ತಿಳಿಯಲು 0.1ನ್ನು ಅದರ ಸೆನ್ಸ್ (ಕರೆಂಟ್ ಅಳೆಯುವ) ರೆಸಿಸ್ಟರಿನಿಂದ ಭಾಗಿಸಿ. 0.3 ಓಮ್‌ಗೆ 333 ಮಿಲಿಆಂಪ್. ಇದನ್ನು ಡಿಮ್ ಮಾಡಲು ಹೋಗಿ ಮಿನುಗುತ್ತಿದೆ ಅನ್ನುವವರು ಹೆಚ್ಚಾಗಿ 12 ವೋಲ್ಟ್ ತಂತಿಯನ್ನೇ ಪಿಡಬ್ಲ್ಯೂಎಂನಿಂದ ಕಡಿದಿರುತ್ತಾರೆ. ಸೆಕೆಂಡಿಗೆ 500 ಸಲ ಊಟ ಕಿತ್ತುಕೊಂಡರೆ ಡ್ರೈವರ್ ಏನು ಮಾಡೀತು? 12 ವೋಲ್ಟ್ ಹಾಗೇ ಇರಲಿ, ಡಿಮ್ ಅನ್ನುವ ಪಿನ್‌ಗೆ ಸಿಗ್ನಲ್ ಕೊಡಿ.

ಡ್ರೈವರಿಗೆ ಕರೆಂಟ್ ಕೊಟ್ಟು ಆಮೇಲೆ ಎಲ್‌ಇಡಿ ಮುಟ್ಟಿಸುವುದೂ ತಪ್ಪು. ಹೊರೆ ಇಲ್ಲದ ಡ್ರೈವರಿನ ಬಾಯಲ್ಲಿ ಪೂರ್ತಿ ವೋಲ್ಟ್ ಕಾದು ಕೂತಿರುತ್ತದೆ. ಎಲ್‌ಇಡಿ ಮೊದಲು, ಪ್ಲಗ್ ಆಮೇಲೆ. ಮತ್ತೆ ಆ ಬೆಳಕನ್ನು ನೆಟ್ಟ ಕಣ್ಣಿನಿಂದ ನೋಡಬೇಡಿ, ಮೇಲೊಂದು ಹಾಳೆ ಮುಚ್ಚಿ ಕೆಲಸ ಮಾಡಿ.

ಒಂದೊಂದು ಎಲ್‌ಇಡಿಗೂ ಬೇರೆ ಬಣ್ಣ ಕೊಡುವ ಸ್ಟ್ರಿಪ್‌ಗೆ ಹುಚ್ಚು ಹಿಡಿದಿದೆ

ಇಂಥ ಸ್ಟ್ರಿಪ್ ಡಬ್ಲ್ಯೂಎಸ್ 2812 ಬಿ ಆಗಿದ್ದರೆ ಅದರ ಮೇಲಿನ ಬಾಣದ ಗುರುತು ನೋಡಿ ಮೊದಲು. ಸಿಗ್ನಲ್ ಬಾಣದ ದಿಕ್ಕಿಗೆ ಮಾತ್ರ ಹೋಗುತ್ತದೆ. ಆಮೇಲೆ ಗ್ರೌಂಡ್ ಸೇರಿದೆಯಾ ನೋಡಿ. ಎರಡೂ ಸರಿ ಇದ್ದೂ ಬಣ್ಣ ಚೆಲ್ಲಾಪಿಲ್ಲಿ ಆದರೆ ಸಿಗ್ನಲ್‌ನ ಎತ್ತರ ಸಾಲದು. 5 ವೋಲ್ಟ್‌ಗೆ ಓಡುವ ಈ ಎಲ್‌ಇಡಿಗೆ ಸಿಗ್ನಲ್ 3.5 ವೋಲ್ಟ್ ಆದರೂ ಬೇಕು, ಇಎಸ್‌ಪಿ ಕೊಡುವುದು 3.3. ಸರಿಯಾದ ಮದ್ದು 3.3ರ ಸಿಗ್ನಲನ್ನು 5 ವೋಲ್ಟ್‌ಗೆ ಏರಿಸುವ 74 ಎಎಚ್‌ಸಿಟಿ 125 ಐಸಿ. ಕೈಯಲ್ಲಿ ಅದಿಲ್ಲದಿದ್ದರೆ ಒಂದು ಉಪಾಯ ಇದೆ. ಮೊದಲ ಒಂದು ಎಲ್‌ಇಡಿಯನ್ನು ಕತ್ತರಿಸಿ, ಅದಕ್ಕೆ ಮಾತ್ರ ಒಂದು 1 ಎನ್ 4007 ಡಯೋಡ್ ಮೂಲಕ ಕರೆಂಟ್ ಕೊಡಿ. ಅದಕ್ಕೆ 4.3 ವೋಲ್ಟ್ ಸಿಗುತ್ತದೆ, ಅದರ ಬೇಡಿಕೆ 3 ವೋಲ್ಟ್‌ಗೆ ಇಳಿಯುತ್ತದೆ, ಅದು ಮುಂದಿನದಕ್ಕೆ ದಾಟಿಸುವ ಸಿಗ್ನಲ್ 4.3ರ ಹತ್ತಿರ ಇರುತ್ತದೆ. ಡೇಟಾ ತಂತಿಗೆ 330 ಓಮ್, ಸ್ಟ್ರಿಪ್‌ನ ಪ್ಲಸ್ ಮೈನಸ್ ನಡುವೆ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಮರೆಯಬೇಡಿ. ಪೂರ್ತಿ ಬಿಳಿಗೆ ಒಂದೊಂದು ಎಲ್‌ಇಡಿ 60 ಮಿಲಿಆಂಪ್ ಕುಡಿಯುತ್ತದೆ, 300ಕ್ಕೆ 18 ಆಂಪ್. ಮೊಬೈಲ್ ಚಾರ್ಜರ್ ಹಾಕಿ ಬೋರ್ಡ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದೆ ಅಂದರೆ ನಾನೇನು ಹೇಳಲಿ.

ನಡುವಿನಿಂದ ಮುಂದೆ ಎಲ್ಲ ಸತ್ತಿದ್ದರೆ ಉರಿಯುತ್ತಿರುವ ಕೊನೆಯದು ಅಥವಾ ಆರಿರುವ ಮೊದಲನೆಯದು, ಎರಡರಲ್ಲಿ ಒಂದು ಹೋಗಿದೆ. ಕತ್ತರಿಸಿ ಬದಲಿಸಿ.

ಮನೆಯ ಬಲ್ಬ್ ಡಿಮ್ಮರಿಗೆ ಹಾಕಿದರೆ ಕುಣಿಯುತ್ತದೆ

ಫ್ಯಾನ್ ರೆಗ್ಯುಲೇಟರಿಗೆ ಎಲ್‌ಇಡಿ ಬಲ್ಬ್ ಹಾಕಬೇಡಿ. ಡಿಮ್ಮರಿಗೂ ಡಬ್ಬಿಯ ಮೇಲೆ ಡಿಮ್ ಆಗುತ್ತದೆ ಅಂತ ಬರೆದ ಬಲ್ಬ್ ಮಾತ್ರ ಹಾಕಿ. ಉಳಿದವುಗಳ ಒಳಗಿನ ಡ್ರೈವರ್ ಕತ್ತರಿಸಿದ ಕರೆಂಟನ್ನು ಅರಗಿಸಿಕೊಳ್ಳುವುದಿಲ್ಲ. ಆಫ್ ಮಾಡಿದ ಮೇಲೂ ಮಿಣಿಮಿಣಿ ಅನ್ನುತ್ತಿದ್ದರೆ ಸ್ವಿಚ್‌ನಲ್ಲಿ ಪುಟ್ಟ ನಿಯಾನ್ ದೀಪ ಇದೆಯಾ ನೋಡಿ, ಇದ್ದರೆ ಅದರ ಮೂಲಕ ಸೋರುವ ಚೂರು ಕರೆಂಟ್ ಸಾಕು ಬಲ್ಬಿಗೆ. ನಿಯಾನ್ ಇಲ್ಲ ಅಂದರೆ ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಕಡಿಯುತ್ತಿರಬಹುದು. ಆಫ್ ಮಾಡಿದ ಹೋಲ್ಡರಿನಲ್ಲೂ ಆಗ ಫೇಸ್ ಇರುತ್ತದೆ. ಕೈ ಹಾಕಬೇಡಿ, ವೈರಿಂಗ್ ಲೈಸೆನ್ಸ್ ಇರುವವರನ್ನು ಕರೆಯಿರಿ.

ಇಲ್ಲಿಗೆ ಕೈ ಬಿಡಿ

ಅಡಾಪ್ಟರಿನಿಂದ ಸುಟ್ಟ ಮೀನಿನಂಥ ವಾಸನೆ, ಒಳಗೆ ಚಿಟಿಚಿಟಿ ಸದ್ದು, ಕೆಪಾಸಿಟರಿನ ತಲೆ ಉಬ್ಬಿರುವುದು ತೂತಿನಿಂದ ಕಂಡರೆ ರಿಪೇರಿ ಯೋಚನೆ ಬೇಡ, ಹೊಸದು ತನ್ನಿ. ಅಡಾಪ್ಟರಿನ ತಗಡು ಮುಟ್ಟಿದರೆ ಜುಂ ಅನ್ನುತ್ತಿದ್ದರೆ ಅರ್ಥಿಂಗ್ ಇಲ್ಲ. ಅರ್ಥಿಂಗ್ ಆಗುವವರೆಗೆ ಪ್ಲಗ್ ಹಾಕಬೇಡಿ. ಪೆಂಡಾಲಿನ ಕಬ್ಬಿಣದ ಕಂಬ, ಒದ್ದೆ ನೆಲ, ಓಡಾಡುವ ಮಕ್ಕಳು ಇರುವಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇಲ್ಲದೆ ಕರೆಂಟ್ ಎಳೆಯಲೇಬೇಡಿ. ಅದು ಪದೇ ಪದೇ ಬೀಳುತ್ತಿದ್ದರೆ ಅದನ್ನು ಕಿತ್ತು ನೇರ ಕೊಡುವ ಬುದ್ಧಿವಂತರು ಓಣಿಗೊಬ್ಬರು ಇರುತ್ತಾರೆ, ಅವರನ್ನು ದೂರ ಇಡಿ. ಎಲ್ಲೋ ಸೋರುತ್ತಿದೆ ಅಂತಲೇ ಅದು ಬೀಳುತ್ತಿರುವುದು.

ನಮ್ಮ ಪೆಂಡಾಲಿನಲ್ಲಿ ಮೂರನೇ ರಾತ್ರಿ ಅಡಾಪ್ಟರಿನಿಂದ ಅದೇ ವಾಸನೆ ಬಂತು. ಆರತಿಗೆ ಹತ್ತು ನಿಮಿಷ ಇತ್ತು. ಪ್ಲಗ್ ಕಿತ್ತೆ. ಹುಡುಗರು ಒಂದಿಷ್ಟು ಗೊಣಗಿದರು, ಆಮೇಲೆ ಯಾರದೋ ಮನೆಯಿಂದ ಎರಡು ಟ್ಯೂಬ್‌ಲೈಟ್ ತಂದು ಕಟ್ಟಿದರು, ಆರತಿ ಅದರ ಬೆಳಕಿನಲ್ಲೇ ಆಯಿತು.